ತಾವೋ ಅಂದರೆ ಮನಸ್ಸಿಗೆ ಬಂದಂತೆ ಇರುವುದಷ್ಟೇ ಅಲ್ಲ

ಮಾನ್ಯ ಸಂಪಾದಕರೆ,

ಭಾನುವಾರದ ಪುರವಣಿಯಲ್ಲಿ ಚೀನಾದ ಹಳೆಯ ಪಂಥವಾದ ತಾವೋ ಬಗ್ಗೆ ಬಂದ ಬರಹ ಓದಿದೆ. ತಾವೋದಲ್ಲಿ ಗುರುವಿಲ್ಲ, ಕಟ್ಟುಪಾಡಿಲ್ಲ, ಮನಸ್ಸು ಹೇಳಿದಂತೆ ನಡೆದರೆ ಸಾಕು ಎಂಬ ಅರ್ಥದ ಮಾತು ಅದರಲ್ಲಿತ್ತು. ಇದು ಅರ್ಧ ಮಾತ್ರ ಸರಿ.

ಸರಿ ಇರುವ ಅರ್ಧ ನನಗೂ ತುಂಬಾ ಪ್ರಿಯ. ತಾವೋ ಚಿಂತಕ ಚುವಾಂಗ್‌ತ್ಸುವಿನ ಹೆಸರಿನ ಗ್ರಂಥದಲ್ಲಿ ಮೀನು ಹಿಡಿಯುವ ಒಬ್ಬ ಮುದುಕ ಬರುತ್ತಾನೆ. ಆಚಾರ, ವಿಧಿಗಳನ್ನು ಕಲಿಸುವ ಕನ್ಫ್ಯೂಷಿಯಸ್ ಅವನನ್ನು ‘ನಿಜ ಅಂದರೇನು?’ ಎಂದು ಕೇಳುತ್ತಾನೆ. ಬಲವಂತಕ್ಕೆ ಅತ್ತರೆ ಅದರಲ್ಲಿ ದುಃಖವಿಲ್ಲ, ನಿಜವಾದ ದುಃಖಕ್ಕೆ ಸದ್ದೇ ಬೇಕಿಲ್ಲ ಎಂಬುದು ಮುದುಕನ ಉತ್ತರದ ಸಾರ. ಆಚಾರ ಜನ ಮಾಡಿಕೊಂಡಿದ್ದು, ನಿಜ ಆಕಾಶದಿಂದ ಬಂದಿದ್ದು ಅನ್ನುತ್ತಾನೆ. ನಮ್ಮ ಅಮ್ಮ ತೀರಿಕೊಂಡ ದಿನ ನನಗೆ ಅಳು ಬರಲಿಲ್ಲ. ‘ಇವಳದು ಕಲ್ಲು ಮನಸ್ಸು’ ಎಂದು ನೆಂಟರು ಪಿಸುಗುಟ್ಟಿದ್ದರು. ಎಷ್ಟೋ ವರ್ಷಗಳ ಮೇಲೆ ಈ ಭಾಗ ಓದುವಾಗ ಅತ್ತುಬಿಟ್ಟೆ.

ಅದೇ ಗ್ರಂಥದಲ್ಲಿ ಆಮೆಯ ಕತೆಯೂ ಇದೆ. ಚೂ ದೇಶದ ರಾಜ ಇಬ್ಬರು ಅಧಿಕಾರಿಗಳನ್ನು ಕಳಿಸಿ ಚುವಾಂಗ್‌ತ್ಸುವಿಗೆ ದೊಡ್ಡ ಪದವಿ ಕೊಡಲು ಹೊರಟ. ಚುವಾಂಗ್‌ತ್ಸು ಗಾಳ ಹಿಡಿದು ಕೂತಿದ್ದ, ತಿರುಗಿಯೂ ನೋಡಲಿಲ್ಲ. ನಿಮ್ಮ ರಾಜ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟಿರುವ ಸತ್ತ ಆಮೆಗೆ ಆ ಗೌರವ ಬೇಕಿತ್ತೋ, ಕೆಸರಲ್ಲಿ ಬಾಲ ಎಳೆದುಕೊಂಡು ಬದುಕುವುದು ಬೇಕಿತ್ತೋ ಎಂದು ಕೇಳಿದ. ಬದುಕುವುದೇ ಅಂದರು ಅವರು. ಹಾಗಾದರೆ ಹೋಗಿ, ನಾನೂ ಕೆಸರಲ್ಲೇ ಇರುತ್ತೇನೆ ಅಂದ.

ಮುಂದೇನಾಯಿತು ಗೊತ್ತಾ? ಸುಮಾರು ಸಾವಿರ ವರ್ಷ ಕಳೆದು, ಕ್ರಿ.ಶ. 742ರಲ್ಲಿ, ತಾಂಗ್ ವಂಶದ ಚಕ್ರವರ್ತಿ ಷುವಾನ್‌ಜೊಂಗ್ ಚುವಾಂಗ್‌ತ್ಸುವಿಗೆ ‘ನಾನ್‌ಹುವಾದ ನಿಜಪುರುಷ’ ಎಂಬ ಬಿರುದು ಕೊಟ್ಟ. ಪದವಿ ಬೇಡ ಅಂದವನ ನಿಜಕ್ಕೆ ಅರಮನೆಯ ಮೊಹರು ಬಿತ್ತು. ಆ ತಾಂಗ್ ರಾಜರು ತಮ್ಮನ್ನು ತಾವೋದ ಮೂಲಪುರುಷನೆನಿಸಿದ ಲಾವೋತ್ಸೆಯ ವಂಶದವರೆಂದೇ ಹೇಳಿಕೊಳ್ಳುತ್ತಿದ್ದರು. ನನಗೆ ಇದು ನೋವಿನ ಸಂಗತಿ.

ಆದರೆ ಅಧಿಕಾರ ಬರೀ ಅರಮನೆಯಿಂದ ಬಂದಿದ್ದಲ್ಲ, ಅಲ್ವಾ? ತಾವೋ ಪಂಥದ ಒಳಗೂ ಅದು ಬೆಳೆಯಿತು. 142ರಲ್ಲಿ ಸಿಚುವಾನ್‌ನ ಬೆಟ್ಟದಲ್ಲಿ ಲಾವೋತ್ಸೆ ತನಗೆ ಕಾಣಿಸಿಕೊಂಡ ಎಂದು ಜಾಂಗ್ ದಾವೊಲಿಂಗ್ ಸಾರಿದ. ಅಲ್ಲಿಂದ ಬೆಳೆದ ಪಂಥದಲ್ಲಿ ಗುರುಪೀಠ ಬಂತು, ದೀಕ್ಷೆ ಬಂತು, ಮನೆಗೆ ಇಷ್ಟು ಅಕ್ಕಿ ಎಂಬ ಕಾಣಿಕೆಯೂ ಬಂತು. ಕಾಯಿಲೆ ಬಿದ್ದವರು ಒಂದು ಮೌನದ ಕೋಣೆಯಲ್ಲಿ ಕೂತು ತಮ್ಮ ತಪ್ಪುಗಳನ್ನು ನೆನೆಯಬೇಕಿತ್ತು. ಆಮೇಲೆ ಅವರ ಹೆಸರಲ್ಲಿ ಆ ತಪ್ಪುಗಳ ಮೂರು ಪತ್ರ ಬರೆಯುತ್ತಿದ್ದರು. ಒಂದನ್ನು ಬೆಟ್ಟದ ಮೇಲಿಡುವುದು, ಒಂದನ್ನು ಮಣ್ಣಲ್ಲಿ ಹೂಳುವುದು, ಇನ್ನೊಂದನ್ನು ನೀರಲ್ಲಿ ಮುಳುಗಿಸುವುದು. ಆಕಾಶ, ಭೂಮಿ, ನೀರು ಈ ಮೂರರ ಅಧಿಕಾರಿಗಳಿಗೆ ಅರ್ಜಿ ಅದು! ಮೊದಲ ಸಲ ಓದಿದಾಗ ಇದೂ ಒಂದು ಕಚೇರಿಯೇ ಅನ್ನಿಸಿ ಬೇಸರವಾಗಿತ್ತು. ಈಗ ಹಾಗನ್ನಿಸುವುದಿಲ್ಲ. ತನ್ನ ತಪ್ಪನ್ನು ತಾನೇ ನೆನೆದು ಒಪ್ಪಿಕೊಳ್ಳುವುದಕ್ಕಿಂತ ಒಳಗಿನ ನಿಜ ಯಾವುದಿದೆ? ಆ ನಿಜ ಹೊರಬರಲು ಹೊರಗಿನ ಕಟ್ಟಳೆಯೇ ಬಾಗಿಲು ತೆರೆಯಿತು.

ನಿಜ, ಅಧಿಕಾರ ಎರಡೂ ಒಟ್ಟಿಗೆ ಇದ್ದ ಇನ್ನೊಂದು ಸಂಗತಿ ಕೇಳಿ. 1222ರಲ್ಲಿ ತಾವೋ ಗುರು ಚಿಯು ಚೂಜಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಚೆಂಗೀಸ್ ಖಾನನನ್ನು ಕಂಡ. ಖಾನ ಸಾಯದಿರಲು ಔಷಧಿ ಕೇಳಿದ. ಜೀವ ಕಾಪಾಡಿಕೊಳ್ಳುವ ದಾರಿ ಇದೆ, ಸಾವಿಲ್ಲದಂತೆ ಮಾಡುವ ಔಷಧಿ ಇಲ್ಲ ಅಂದ ಗುರು. ಅಂಥವನ ಎದುರು ಹಾಗೆ ಹೇಳಲು ಎಷ್ಟು ಧೈರ್ಯ ಬೇಕು! ಅದೇ ಗುರುವಿನ ಪಂಥಕ್ಕೆ ಆಮೇಲೆ ತೆರಿಗೆ ವಿನಾಯಿತಿ ಸಿಕ್ಕಿತು, ಅಧಿಕಾರವೂ ಸಿಕ್ಕಿತು. ಬೌದ್ಧರ ಜೊತೆ ಜಗಳವೂ ಬೆಳೆಯಿತು. ಕೊನೆಗೆ 1281ರಲ್ಲಿ ಖಾನನ ಮೊಮ್ಮಗ ಕುಬ್ಲಾಯಿ ತಾವೋ ಪುಸ್ತಕಗಳನ್ನು ಸುಡಿಸಿದ.

ಮುಂದೆ ತಾವೋ ಬಗ್ಗೆ ಬರೆಸುವಾಗ ಆಮೆಯ ಕತೆಯ ಜೊತೆಗೆ ಆ ಮೂರು ಪತ್ರಗಳ ಕತೆಯನ್ನೂ ದಯವಿಟ್ಟು ಹೇಳಿಸಿ.

ನಿಮ್ಮ ಓದುಗಿ,
ನಿವೃತ್ತ ಶಿಕ್ಷಕಿ, ಶಿವಮೊಗ್ಗ