ಹುಲ್ಲಿನ ಕೆಳಗೆ ಏನಿದೆ, ತೆಗೆಸಿ ತೋರಿಸಿ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನೀವು ಉದ್ಘಾಟಿಸಿದ ಕೃತಕ ಹುಲ್ಲಿನ ಮೈದಾನದಲ್ಲಿ ನಾನು ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತೇನೆ. ಮೂರು ವರ್ಷಗಳಲ್ಲಿ ನಾಲ್ಕು ಮನವಿ ಕೊಟ್ಟಿದ್ದೇನೆ. ಸ್ವೀಕೃತಿಯ ಮೊಹರು ಬಿಟ್ಟರೆ ಬೇರೇನೂ ಕೈಗೆ ಬಂದಿಲ್ಲ. ಆದ್ದರಿಂದ ಈ ಪತ್ರವನ್ನು ಎಲ್ಲರೆದುರು ಬರೆಯುತ್ತಿದ್ದೇನೆ.

ಕಳೆದ ವಾರ ಹದಿಮೂರು ವರ್ಷದ ಹುಡುಗಿಯೊಬ್ಬಳು ಚೆಂಡಿನ ಹಿಂದೆ ಓಡಿದಳು. ಗೋಲಿನ ಹತ್ತಿರ ಎರಡು ಹಾಸುಗಳು ಕೂಡುವ ಕಡೆ ಅಂಟು ಬಿಟ್ಟು ಅಂಚು ಮೇಲೆದ್ದಿದೆ. ಅಲ್ಲಿ ಅವಳ ಬೂಟು ಸಿಕ್ಕಿಕೊಂಡಿತು. ಮೈ ತಿರುಗಿತು, ಪಾದ ತಿರುಗಲಿಲ್ಲ. ಮಂಡಿ ಹಿಡಿದು ಅವಳು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಆಸ್ಪತ್ರೆಗೆ ಎತ್ತಿಕೊಂಡು ಹೋದವನು ನಾನೇ. ಅವಳ ತಾಯಿಗೆ ಉತ್ತರ ಹೇಳಬೇಕಾದವನೂ ನಾನೇ.

ಸಂಜೆ ಮರಳಿ ಬಂದು ಆ ಅಂಚನ್ನು ಎತ್ತಿ ನೋಡಿದೆ. ಕೆಳಗೆ ಕೈಯಾಡಿಸಿದರೆ ಸಿಕ್ಕಿದ್ದು ಹಸಿ ಮಣ್ಣು ಮತ್ತು ಒಡೆದ ಇಟ್ಟಿಗೆಯ ಚೂರು.

ಅಲ್ಲಿ ಏನಿರಬೇಕಿತ್ತು ಎಂಬುದು ನಿಮ್ಮ ಎಂಜಿನಿಯರುಗಳಿಗೆ ಗೊತ್ತು. ನೆಲವನ್ನು ಗಟ್ಟಿ ಮಾಡಿ, ನೀರು ಇಳಿಯಲು ತೂತಿನ ಕೊಳವೆಗಳನ್ನು ಹೂಳಿ, ಮೇಲೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ ಹರಡಿ ಒತ್ತಬೇಕು. ಅದರ ಮೇಲೆ ಬಿದ್ದವರ ಪೆಟ್ಟನ್ನು ತಡೆಯುವ ಮೆತ್ತನೆಯ ಪದರ. ಆಮೇಲೆ ಹುಲ್ಲು. ಪಾಲಿಎಥಿಲೀನ್ ಎಳೆಗಳನ್ನು ಬಟ್ಟೆಗೆ ಹೊಲಿದು, ಕಳಚಿಬರದಂತೆ ಹಿಂಬದಿಗೆ ಲ್ಯಾಟೆಕ್ಸ್ ಅಥವಾ ಪಾಲಿಯುರೆಥೇನ್ ಬಳಿದಿರುತ್ತಾರೆ. ಹಾಸು ಸರಿಯದಂತೆ ಎಳೆಗಳ ನಡುವೆ ಮರಳು, ಪುಟಿತಕ್ಕೆ ರಬ್ಬರ್ ಹರಳು. ನಮ್ಮಲ್ಲಿ ಆ ಹರಳುಗಳು ಮೊದಲ ಮಳೆಗೇ ಚರಂಡಿ ಸೇರಿದವು. ಅವು ಮಣ್ಣು ನೀರಿಗೆ ಸೇರುತ್ತವೆಂದೇ ಐರೋಪ್ಯ ಒಕ್ಕೂಟ 2031ರಿಂದ ಅವುಗಳ ಮಾರಾಟವನ್ನು ನಿಷೇಧಿಸಲು 2023ರಲ್ಲೇ ನಿರ್ಧರಿಸಿದೆ. ಈಗ ಎಳೆಗಳು ಬಾಚಿದ ಕೂದಲಿನಂತೆ ಒಂದೇ ಕಡೆ ಮಲಗಿವೆ. ಮಧ್ಯಾಹ್ನದ ಬಿಸಿಲಿಗೆ ಮಕ್ಕಳು ಅಂಗೈ ಊರಲಾರರು.

ನಾನು ಕೃತಕ ಹುಲ್ಲಿನ ವಿರೋಧಿಯಲ್ಲ. ಸರಿಯಾಗಿ ಹಾಸಿ, ಆಗಾಗ ಬ್ರಷ್ ಎಳೆದು, ಹರಳು ತುಂಬಿಸಿದರೆ ಅದು ಎಂಟು ಹತ್ತು ವರ್ಷ ಬಾಳುತ್ತದೆ. ಮಳೆಗಾಲದಲ್ಲಿಯೂ ಆಟ ನಿಲ್ಲುವುದಿಲ್ಲ. ನಮ್ಮ ಮೈದಾನ ಮೂರೇ ವರ್ಷಕ್ಕೆ ಹೀಗಾಯಿತೆಂದರೆ ಕೆಟ್ಟದ್ದು ಹುಲ್ಲಲ್ಲ, ಕೆಲಸ. ಹಾಸಿದ ಮೇಲೂ ಮೈದಾನಕ್ಕೇ ಬಂದು ಪೆಟ್ಟು ಹೀರುವ ಗುಣ, ಚೆಂಡಿನ ಪುಟಿತ, ಪಾದ ತಿರುಗುವ ಸಲೀಸು ಇವನ್ನೆಲ್ಲ ಅಳೆದ ನಂತರವೇ ಫಿಫಾ ತನ್ನ ಗುಣಮಟ್ಟದ ಪ್ರಮಾಣಪತ್ರ ಕೊಡುತ್ತದೆ. ನಮ್ಮ ಮೈದಾನವನ್ನು ಯಾರು ಅಳೆದರು? ಯಾರೂ ಅಳೆಯದಿದ್ದರೆ ಬಿಲ್ಲಿಗೆ ಸಹಿ ಹಾಕಿದವರು ಏನನ್ನು ನೋಡಿ ಹಾಕಿದರು?

ನನ್ನ ಬೇಡಿಕೆ ಒಂದೇ. ಹಾಸನ್ನು ತೆಗೆಸಿ, ಕೆಳಗಿನ ಪದರಗಳನ್ನು ಸಾರ್ವಜನಿಕರಿಗೆ ತೋರಿಸಿ. ತೇಪೆ ಬೇಡ, ಹೊಸ ಬಣ್ಣದ ಗೆರೆ ಬೇಡ, ಇನ್ನೊಂದು ಸಮಿತಿಯೂ ಬೇಡ. ಹಾಸನ್ನು ತೆಗೆಸಿ. ತಳದಿಂದ ಮತ್ತೆ ಕಟ್ಟಿಸಿ, ಪರೀಕ್ಷೆ ಮಾಡಿಸಿ, ವರದಿಯನ್ನು ಮೈದಾನದ ಬಾಗಿಲಲ್ಲೇ ಅಂಟಿಸಿ.

ಅಂಟು ಬಿಟ್ಟ ಜಾಗದ ಸುತ್ತ ನಾಲ್ಕು ಕೋನ್ ಇಟ್ಟು ಕೆಂಪು ಬಟ್ಟೆ ಕಟ್ಟಿದ್ದೇನೆ. ಬೆಳಿಗ್ಗೆ ಆರಕ್ಕೆ ನಾನು ಅಲ್ಲೇ ಇರುತ್ತೇನೆ. ನೀವು ಬಂದರೆ ಆ ಅಂಚನ್ನು ನಾನೇ ಎತ್ತಿ ತೋರಿಸುತ್ತೇನೆ.

ಇಂತಿ,
ಮಕ್ಕಳ ಫುಟ್‌ಬಾಲ್ ತರಬೇತುದಾರ