ಕೆಳ ದನಿಗೆ ಹಾಕಿದರೆಂದು ಮುನಿಸಿಕೊಂಡ ಮಗಳಿಗೆ

ಕಲಬುರಗಿ

ಪ್ರೀತಿಯ ಮಗಳೆ,

ಹುಡುಗಿಯರ ಹಾಡಿನ ತಂಡದಲ್ಲಿ ಟೀಚರ್ ನಿನ್ನನ್ನು ಕೆಳ ದನಿಗೆ ಹಾಕಿದರು ಅಂತ ನಿನ್ನ ಅವ್ವ ಫೋನಿನಲ್ಲಿ ಹೇಳಿದಳು. "ಮೇಲಿನವರು ಹಾಡ್ತಾರೆ, ನಾವು ಸುಮ್ನೆ ಗುಂಯ್ ಅನ್ನೋದು" ಎಂದೆಯಂತೆ. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಅದಕ್ಕೇ ಈ ಪತ್ರ.

ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಎಲ್ಲರೂ ಒಂದೇ ಧಾಟಿಯಲ್ಲಿ ಹಾಡುತ್ತಾರೆ. ನಿಮ್ಮ ಟೀಚರ್ ಕಲಿಸುತ್ತಿರುವುದು ಕೊಯರ್ ಪದ್ಧತಿ, ಅಂದರೆ ಒಂದೇ ಹಾಡನ್ನು ಮೇಲಿನ, ಕೆಳಗಿನ ಬೇರೆ ಬೇರೆ ಧಾಟಿಗಳಲ್ಲಿ ಒಟ್ಟಿಗೆ ಹಾಡುವುದು. ಅದರಲ್ಲಿ ಹೆಣ್ಣುಮಕ್ಕಳ ಮೇಲಿನ ದನಿ ಸೊಪ್ರಾನೊ, ಕೆಳಗಿನದು ಆಲ್ಟೊ. ಹಾರ್ಮೋನಿಯಂ ಮುಂದೆ ಕೂತು ಮೊದಲು ಪ ಒಂದನ್ನೇ ನುಡಿಸು. ಆಮೇಲೆ ಸ, ಗ ಎರಡನ್ನೂ ಕೂಡಿಸಿ ಒತ್ತು. ಪ ಹೇಗೆ ತುಂಬಿಕೊಳ್ಳುತ್ತದೆ ಕೇಳು. ಬಹಳ ಸಲ ಆ ಗ ಬರುವುದು ನಿಮ್ಮ ಪಾಲಿಗೇ. ಅದು ಅರ್ಧ ಸ್ವರ ಇಳಿದು ಕೋಮಲ ಗ ಆದರೆ ಸಾಕು, ಹಾಡಿನ ಭಾವವೇ ಬೇರೆಯಾಗುತ್ತದೆ. ಇದು ಗುಂಯ್ ಅನ್ನೋ ಕೆಲಸವಲ್ಲ, ಅಲ್ವಾ?

ಕಷ್ಟ ಇರುವುದು ನಿಜ. ಪಕ್ಕದವಳು ಮೇಲಿನ ಧಾಟಿ ಹಿಡಿದ ಕೂಡಲೇ ನಮ್ಮ ದನಿ ಅತ್ತ ಜಾರುತ್ತದೆ. ಹಾಗಂತ ಕಿವಿ ಮುಚ್ಚಿಕೊಂಡು ಹಾಡಬೇಡ. ನಿನ್ನ ಸಾಲನ್ನು ಒಬ್ಬಳೇ ಹಾಡಿ ಗಟ್ಟಿ ಮಾಡಿಕೊ. ಆಮೇಲೆ ಮೇಲಿನ ದನಿಯ ಒಬ್ಬ ಗೆಳತಿಯ ಜೊತೆ ಮೆಲ್ಲಗೆ ಹಾಡು.

ಇನ್ನೊಂದು ನಮ್ಮ ಕಡೆಯ ತೊಡಕು. ಮಾತಿನಲ್ಲಿ ನಾವು "ಮನಿ" ಅಂತೀವಿ, ಪುಸ್ತಕದಲ್ಲಿ "ಮನೆ". ಎರಡರಲ್ಲೂ ತಪ್ಪಿಲ್ಲ. ಆದರೆ ಅರ್ಧ ಜನ ಎ, ಅರ್ಧ ಜನ ಇ ಎಳೆದರೆ ದನಿ ಎಷ್ಟು ಇಂಪಾಗಿದ್ದರೂ ಒಡಕು ಕೇಳಿಸುತ್ತದೆ. ಕನ್ನಡದ ಪದಗಳು ಹೆಚ್ಚಾಗಿ ಅ, ಇ, ಎ ಥರದ ಸ್ವರಾಕ್ಷರದಲ್ಲೇ ಮುಗಿಯುವುದರಿಂದ ಸಾಲಿನ ಕೊನೆಗೆ ಇದು ಬಯಲಾಗುತ್ತದೆ. ಎ ಎಳೆಯುವುದೋ ಇ ಎಳೆಯುವುದೋ ಅಂತ ಮೊದಲೇ ಮಾತಾಡಿಕೊಳ್ಳಿ. ಉದ್ದ ಸಾಲಿದ್ದರೆ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳಬೇಡಿ. ಒಬ್ಬೊಬ್ಬರು ಒಂದೊಂದು ಕಡೆ ತೆಗೆದುಕೊಂಡು ಮೆಲ್ಲಗೆ ಮತ್ತೆ ಸೇರಿಕೊಳ್ಳಿ. ಕೇಳುವವರಿಗೆ ಸಾಲು ಎಲ್ಲೂ ಕಡಿದಂತೆ ಅನಿಸಬಾರದು.

ಗಂಟಲಿನ ಬಗ್ಗೆ. ಗಂಡು ಹುಡುಗರ ದನಿ ಒಡೆಯುವುದು ಎಲ್ಲರಿಗೂ ಗೊತ್ತು. ನಿನ್ನ ವಯಸ್ಸಿನ ಹುಡುಗಿಯರ ಗಂಟಲೂ ಬೆಳೆಯುತ್ತಿರುತ್ತದೆ. ಧ್ವನಿತಂತುಗಳು ಪೂರ್ತಿ ಕೂಡದೆ ಗಾಳಿ ಸೋರಬಹುದು, ದನಿ ಒಮ್ಮೊಮ್ಮೆ ಕೈಕೊಡಬಹುದು. ಹೆದರಬೇಡ. ಗಂಟಲು ಒತ್ತಿ ದಪ್ಪ ದನಿ ಮಾಡಲು ಮಾತ್ರ ಹೋಗಬೇಡ. ಇವತ್ತು ಆಲ್ಟೊ ಆದವಳ ದನಿ ಮುಂದೆ ಬದಲಾಗಲೂಬಹುದು. ನೀರು ಬೆಳಿಗ್ಗೆಯಿಂದಲೇ ಕುಡಿಯುತ್ತಿರು. ಕುಡಿದ ನೀರು ಅನ್ನನಾಳಕ್ಕೆ ಹೋಗುತ್ತದೆ, ನೇರ ಧ್ವನಿತಂತುಗಳಿಗೆ ತಾಗುವುದಿಲ್ಲ. ಹಾಡುವ ಹೊತ್ತಿಗೆ ಎರಡು ಗುಟುಕು ಕುಡಿದರೆ ಸಾಲದು, ನಮ್ಮೂರಿನ ಬಿಸಿಲಿಗಂತೂ ಸಾಲದು.

ಸೆಪ್ಟೆಂಬರ್ 17ಕ್ಕೆ ಮೈದಾನದಲ್ಲಿ ಹಾಡುತ್ತೀರಂತೆ. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದರೂ ನಮ್ಮ ಭಾಗ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾದದ್ದು 1948ರಲ್ಲಿ, ಅದೇ ದಿನ. ಆ ದಿನ ನೀನು ಹಾಡುವುದು ನನಗೆ ದೊಡ್ಡ ಸಂಗತಿ. ಬಯಲಲ್ಲಿ ದನಿ ಗೋಡೆಗೆ ಬಡಿದು ತಿರುಗಿ ಬರುವುದಿಲ್ಲ, ಪಕ್ಕದವಳದೂ ಸರಿಯಾಗಿ ಕೇಳದು. ಆಗ ಎಲ್ಲರೂ ಚೀರಲು ಶುರು ಮಾಡುತ್ತಾರೆ. ನೀವು ಚೀರಬೇಡಿ. ಒತ್ತಾಗಿ ನಿಂತು ಟೀಚರ ಕೈ ನೋಡಿ. ನಾಡಗೀತೆಗೆ ಮಾತ್ರ ಕೆಳ ದನಿ ಸೇರಿಸಬೇಡಿ. ಮೈಸೂರು ಅನಂತಸ್ವಾಮಿ ಅವರ ಧಾಟಿ, 2 ನಿಮಿಷ 30 ಸೆಕೆಂಡ್ ಅಂತ ಸರ್ಕಾರ 2022ರಲ್ಲೇ ಗೊತ್ತು ಮಾಡಿದೆ. ಅದನ್ನು ಒಂದೇ ದನಿಯಲ್ಲಿ ಹಾಡುವುದೇ ಚೆಂದ.

ಒಂಬತ್ತನೇ ಕ್ಲಾಸು, ಓದು ಕೆಡುತ್ತದೆ ಅಂತ ನಿಮ್ಮಪ್ಪ ಗೊಣಗಿದರೆ ನಾನು ಮಾತಾಡುತ್ತೇನೆ. ಶನಿವಾರದ ಪ್ರಾಕ್ಟೀಸ್ ತಪ್ಪಿಸಬೇಡ.

ನಿನ್ನ ಚಿಗವ್ವ