ಅಂಚು ನೋಡದೆ ಸೈನ್ ಹಾಕಬೇಡ ಕಂದ

ಮಾಲೂರು
ಭಾನುವಾರ ರಾತ್ರಿ

ಪ್ರೀತಿಯ ಚಿನ್ನೂ,

ನೀನು ಫೋನ್ ಇಟ್ಟ ಮೇಲೆ ನಂಗೆ ನಿದ್ದೆನೇ ಬರ್ಲಿಲ್ಲ, ಅದಕ್ಕೇ ಎದ್ದು ಬರೀತಾ ಕೂತಿದೀನಿ. ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳಾಗಿಲ್ಲ, ಆಗ್ಲೇ "ಅತ್ತೆ, ಟೈಟಾನಿಯಂ ಎರಕದ ಪೀಸ್ ನೋಡಕ್ಕೆ ಚೆನ್ನಾಗಿದೆ, ಎಕ್ಸ್‌ರೇ ಕ್ಲೀನು, ಕೆಮಿಸ್ಟ್ರಿ ಪಾಸು, ಆದ್ರೂ ಬೆಂಡ್ ಮಾಡಿದ್ರೆ ಮೇಲ್ಗಡೆ ಸಣ್ಣ ಸಣ್ಣ ಬಿರುಕು ಬರ್ತಿದೆ, ಎಲ್ಲರೂ ಮೆಟಲ್ಲೇ ಸರಿಯಿಲ್ಲ ಅಂತಿದಾರೆ, ನಂಗೆ ರಿಪೋರ್ಟಿಗೆ ಸೈನ್ ಹಾಕು ಅಂತಿದಾರೆ" ಅಂದ್ಯಲ್ಲ, ಅವಾಗಿಂದ ಅದೇ ಯೋಚನೆ. ನಾನು 27 ವರ್ಷ ಫೌಂಡ್ರಿ ಲ್ಯಾಬಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತವಳು, ಕೊನೇ 11 ವರ್ಷ ಟೈಟಾನಿಯಮ್ಮೇ ನೋಡಿದೀನಿ. ಮೆಟಲ್ ಮೇಲೆ ತಪ್ಪು ಹೊರಿಸೋಕ್ ಮುಂಚೆ ಶೆಲ್ ಕಡೆ, ಅಂದ್ರೆ ಮೆಟಲ್ ಸುರಿಯೋ ಸೆರಾಮಿಕ್ ಅಚ್ಚಿನ ಕಡೆ ನೋಡು ಕಂದ.

ನಿಮ್ಮ ತಾತ ಕೆಜಿಎಫ್‌ನಲ್ಲಿದ್ದಾಗ ಚಿನ್ನ ಕರಗಿಸೋದನ್ನ ನಮ್ಗೆಲ್ಲಾ ಕಣ್ಣಿಗೆ ಕಟ್ಟೋ ಹಾಗೆ ಹೇಳ್ತಿದ್ರು. ಚಿನ್ನ 1064 ಡಿಗ್ರಿಗೆ ಕರಗುತ್ತೆ, ಮೂಸೆಲಿ ಸುಮ್ಮನೆ ಕೂತಿರುತ್ತೆ, ಅಚ್ಚಿಗೆ ಸುರಿದ್ರೆ ಅಚ್ಚಿಂದ ಏನನ್ನೂ ತಗೊಳಲ್ಲ, ಏನನ್ನೂ ಕೊಡಲ್ಲ. ಟೈಟಾನಿಯಂ ಹಂಗಲ್ಲ. ಅದು ಕರಗೋದೇ 1668 ಡಿಗ್ರಿಗೆ, ಕರಗಿದ ಮೇಲೆ ಆಕ್ಸಿಜನ್ ಎಲ್ಲಿದ್ರೂ ಕಿತ್ಕೊಳತ್ತೆ. ಗಾಳಿ ಸಿಗದ ಹಾಗೆ ವ್ಯಾಕ್ಯೂಮ್‌ಲ್ಲಿ ಕರಗಿಸ್ತೀವಿ ಸರಿ, ಆದ್ರೆ ಅಚ್ಚು ಮಾಡಿರೋದೇ ಆಕ್ಸೈಡಿಂದ ಅಲ್ವಾ, ಆಕ್ಸಿಜನ್ ಅಲ್ಲೇ ಕೂತಿದೆ. ಅದಕ್ಕೇ ಅದನ್ನ ಕರಗಿಸೋಕೂ ಸೆರಾಮಿಕ್ ಮೂಸೆ ಇಡದೆ, ನೀರು ಹರಿಸಿ ತಣ್ಣಗಿಟ್ಟಿರೋ ತಾಮ್ರದ ಕ್ರೂಸಿಬಲ್ ಇಡೋದು, ತಾಮ್ರದ ಪಕ್ಕ ಟೈಟಾನಿಯಮ್ಮೇ ಗಟ್ಟಿ ಪದರವಾಗಿ, ಅದನ್ನ ಸ್ಕಲ್ ಅಂತೀವಿ, ತನಗೆ ತಾನೇ ಪಾತ್ರೆಯಾಗುತ್ತೆ. ಕರಗಿಸುವಾಗ ಹಿಂಗೆ ತಪ್ಪಿಸ್ಕೋಬಹುದು, ಅಚ್ಚಿಗೆ ಸುರಿದ ಮೇಲೆ ತಪ್ಪಿಸ್ಕೊಳಕ್ಕಾಗಲ್ಲ.

ಇನ್ನೊಂದು ಯೋಚನೆ ಮಾಡಿ ನೋಡು. ಕೇರಳದ ಚವರದಲ್ಲಿ ಟೈಟಾನಿಯಂ ಸ್ಪಾಂಜ್, ಅಂದ್ರೆ ತೂತುತೂತಾದ ಕಚ್ಚಾ ಟೈಟಾನಿಯಂ ಮಾಡ್ತಾರಲ್ಲ, ಕಡಲ ತೀರದ ಮರಳಿನ ಖನಿಜಾನ ಕ್ಲೋರೈಡ್ ಮಾಡಿ, ಅದನ್ನ ಶುದ್ಧ ಮಾಡಿ, ಆರ್ಗಾನ್ ಒಳಗೆ ಮೆಗ್ನೀಶಿಯಂ ಜೊತೆ ಕಾಯಿಸಿ, ಅಷ್ಟೆಲ್ಲಾ ಒದ್ದಾಡೋದು ಆಕ್ಸಿಜನ್ ಬಿಡಿಸೋಕೇ. ಅಷ್ಟು ಕಷ್ಟಪಟ್ಟು ಬಿಡಿಸಿದ್ದನ್ನ ಕೆಟ್ಟ ಶೆಲ್ ಒಂದು ಕೆಲವೇ ನಿಮಿಷದಲ್ಲಿ ವಾಪಸ್ ಸೇರಿಸಿಬಿಡುತ್ತೆ. ನಂಗೆ ಇವತ್ತಿಗೂ ಹೊಟ್ಟೆ ಉರಿಯೋದು ಇದಕ್ಕೇ.

ಈಗ ನಿನ್ನ ವಿಷಯಕ್ಕೆ ಬರ್ತೀನಿ. ಸ್ಟೀಲ್ ಎರಕ ಹಾಕೋರು ಸಿಲಿಕಾ (ಸಿಲಿಕಾನಿನ ಆಕ್ಸೈಡ್), ಜಿರ್ಕಾನ್ ಶೆಲ್ಲಲ್ಲಿ ಆರಾಮಾಗಿ ಹಾಕ್ತಾರೆ. ಅದೇ ಶೆಲ್ಲಿಗೆ ಟೈಟಾನಿಯಂ ಸುರಿದ್ರೆ ಸಿಲಿಕಾದಿಂದ ಆಕ್ಸಿಜನ್ ಕಿತ್ಕೊಂಡು, ಬಿಟ್ಟ ಸಿಲಿಕಾನ್ನೂ ಒಳಗೆ ಎಳ್ಕೊಂಡು ಸಿಲಿಸೈಡ್ ಅನ್ನೋ ಸಂಯುಕ್ತ ಮಾಡ್ಕೊಳತ್ತೆ. "ಅಲ್ಯುಮಿನಾ, ಅಂದ್ರೆ ಅಲ್ಯುಮಿನಿಯಂ ಆಕ್ಸೈಡ್, ಸ್ಟೇಬಲ್ ಅಲ್ವಾ, ಯಾವ ಆಕ್ಸೈಡ್ ಎಷ್ಟು ಗಟ್ಟಿ ಅಂತ ತೋರಿಸೋ ಎಲ್ಲಿಂಗ್‌ಹ್ಯಾಮ್ ಚಾರ್ಟಲ್ಲಿ ಟೈಟಾನಿಯಂ ಗೆರೆಗಿಂತ ಅಲ್ಯುಮಿನಾ ಗೆರೆ ಕೆಳಗಿದೆ ನೋಡಿ" ಅಂತ ನಿಮ್ಮ ಕಾಲೇಜಲ್ಲಿ ಹೇಳಿರ್ತಾರೆ, ನಂಗೂ ಹೇಳಿದ್ರು. ಆ ಚಾರ್ಟು ಸುಳ್ಳಲ್ಲ, ಆದ್ರೆ ಅದು ಹೇಳೋದು ಆಕ್ಸೈಡ್ ಆಗೋ ಲೆಕ್ಕ. ಟೈಟಾನಿಯಂ ಆಕ್ಸೈಡ್ ಆಗಬೇಕಾಗೇ ಇಲ್ಲ, ನೀರಲ್ಲಿ ಉಪ್ಪು ಕರಗೋ ಹಂಗೆ ಆಕ್ಸಿಜನ್ನೇ ಅದರೊಳಗೆ ಕರಗಿಬಿಡುತ್ತೆ, ಗಟ್ಟಿಯಾದ ಟೈಟಾನಿಯಮ್ಮಿನ ಆಲ್ಫಾ ಅನ್ನೋ ರೂಪದಲ್ಲಿ ಮೂರು ಪರಮಾಣುಗಳಲ್ಲಿ ಒಂದು ಆಕ್ಸಿಜನ್ ಆಗೋವರೆಗೂ ಜಾಗ ಇದೆ. ಅದಕ್ಕೇ ಚಾರ್ಟಲ್ಲಿ ಗಟ್ಟಿ ಅಂತ ಕಾಣೋ ಅಲ್ಯುಮಿನಾನೂ ಸೋತೋಗುತ್ತೆ. ಮತ್ತೆ ಇದು ತುಕ್ಕಿನ ಥರ ಮೇಲೆ ಅಂಟಿರಲ್ಲ ಉಜ್ಜಿ ತೆಗೆಯೋಕೆ, ಮೆಟಲ್ಲಿನ ಒಳಗೇ ಸೇರಿರುತ್ತೆ, ಇದನ್ನೇ ನಾವು ಆಲ್ಫಾ ಕೇಸ್ ಅನ್ನೋದು. ಗಟ್ಟಿ, ಗಾಜಿನ ಥರ ಪೆಡಸು. ನಿನ್ನ ಬಿರುಕು ಅಲ್ಲೇ ಶುರುವಾಗ್ತಿದೆ ಅಂತ ನಂಗನ್ಸುತ್ತೆ.

ಕೆಮಿಸ್ಟ್ರಿ ಪಾಸು ಅಂದ್ಯಲ್ಲ, ಆ ಸ್ಯಾಂಪಲ್ ಎಲ್ಲಿಂದ ತೆಗೆದ್ರು ಕೇಳು. ಒಳಗಿಂದ ತೆಗೆದ ಚೂರಲ್ಲಿ ಆಕ್ಸಿಜನ್ 0.18 ಪರ್ಸೆಂಟ್ ಬಂದ್ರೆ ಒಳಗೆ ಚೆನ್ನಾಗಿದೆ ಅಂತಷ್ಟೇ ಅರ್ಥ. ಅಂಚಲ್ಲಿ ಎಷ್ಟಿದೆ ಅಂತ ಆ ನಂಬರ್ ಹೇಳಲ್ಲ.

ನಾನು ಮಾಡಿದ ತಪ್ಪು ಹೇಳ್ತೀನಿ, ಇದನ್ನ ನಿಮ್ಮಪ್ಪನಿಗೂ ಹೇಳಿಲ್ಲ. ಒಂದು ಆರ್ಡರಲ್ಲಿ ಪೀಸಿನ ಜೊತೆ ಸಣ್ಣ ಟೆಸ್ಟ್ ಕೂಪನ್, ಅಂದ್ರೆ ಪರೀಕ್ಷೆಗೆ ಅಂತಲೇ ಎರೆದ ತುಂಡು, ಕಟ್ಟಿರೋರು, 4 ಮಿಲಿಮೀಟರ್ ದಪ್ಪದ್ದು. ನಾನು ಅದನ್ನೇ ಕಟ್ ಮಾಡಿ ನೋಡಿ, ಪದರ ತೆಳ್ಳಗಿದೆ, ಆಸಿಡ್ಡಲ್ಲಿ ಇಷ್ಟು ತೆಗೆದ್ರೆ ಸಾಕು ಅಂತ ಸೈನ್ ಹಾಕ್ದೆ. ಪೀಸಲ್ಲಿ ಒಂದು ಕಡೆ ದಪ್ಪ ಉಬ್ಬು ಇತ್ತು, ಬಾಸ್ ಅಂತೀವಿ, ಅಲ್ಲಿ ಮೆಟಲ್ ನಿಧಾನಕ್ಕೆ ತಣ್ಣಗಾಗಿ ಶೆಲ್ಲಿನ ಜೊತೆ ಜಾಸ್ತಿ ಹೊತ್ತು ಬಿಸಿಯಾಗೇ ಇತ್ತು, ಅಲ್ಲಿ ಪದರ ಕೂಪನ್ನಿನ ಎರಡರಷ್ಟಿತ್ತು. ಆಸಿಡ್ ತೆಗೆದಿದ್ದು ಅರ್ಧ, ಉಳಿದರ್ಧ ಪೀಸಲ್ಲೇ ಹೋಯ್ತು. ಮಶೀನಿಂಗ್ ಮಾಡೋರ ಟೂಲ್ ಮುರೀತಿದೆ ಅಂತ ವಾಪಸ್ ಬಂದಾಗ ನಾನೇ ಆ ಬಾಸ್ ಕಟ್ ಮಾಡಿದೆ. ಕೈ ನಡುಗ್ತಿತ್ತು. ಪಾಲಿಶ್ ಮಾಡಿ, ಕ್ರೋಲ್ಸ್ ಎಚಂಟ್ ಅನ್ನೋ ಆಸಿಡ್ ದ್ರಾವಣ ಹಾಕಿ, ತೊಳೆದು, ಒರೆಸಿ ನೋಡಿದ್ರೆ ಅಂಚಿನುದ್ದಕ್ಕೂ ಬಿಳೀ ಪಟ್ಟಿ, ಪಂಚೆಯ ಜರಿ ಅಂಚಿನ ಥರ, ಅದರಲ್ಲಿ ಅಡ್ಡಡ್ಡಕ್ಕೆ ಬಿರುಕು. ಆಮೇಲೆ ಮೈಕ್ರೋ ಹಾರ್ಡ್‌ನೆಸ್ಸಲ್ಲಿ ವಜ್ರದ ಮೊನೆ ಮೇಲೆ 100 ಗ್ರಾಮ್ ಲೋಡ್ ಇಟ್ಟು ಅಂಚಿಂದ ಒಳಗೆ ಸಾಲಾಗಿ ಒತ್ಕೊಂಡ್ ಹೋದೆ. ಅಂಚಲ್ಲಿ ವಜ್ರದ ಗುರುತು 16 ಮೈಕ್ರಾನ್, ಗುರುತು ಚಿಕ್ಕದಾದಷ್ಟೂ ಮೆಟಲ್ ಗಟ್ಟಿ, ಅಂದ್ರೆ ಗಡಸುತನ ಹತ್ತತ್ರ 700 ವಿಕರ್ಸ್, ಮುಂದಿಂದು ಸ್ವಲ್ಪ ದೊಡ್ಡದು, ಅದರ ಮುಂದಿಂದು ಇನ್ನೂ ದೊಡ್ಡದು, ಒಳಗೆ 23 ಮೈಕ್ರಾನ್ ಬಂದ ಮೇಲೆ ಬದಲಾಗಲೇ ಇಲ್ಲ, 350. ಅವತ್ತಿಂದ ನಾನು ಬಿಳೀ ಪಟ್ಟಿ ಕಣ್ಣಳತೆಲಿ ಅಳೆದು ಅಷ್ಟಕ್ಕೇ ಬಿಟ್ಟಿದ್ದೇ ಇಲ್ಲ. ಗುರುತು ಎಲ್ಲಿ ಬೆಳೆಯೋದು ನಿಲ್ಲುತ್ತೋ ಅಲ್ಲಿವರೆಗೂ ಪದರ ಇದೆ ಅಂತ್ಲೇ ಲೆಕ್ಕ, ಯಾಕಂದ್ರೆ ಪಟ್ಟಿ ಕಣ್ಣಿಗೆ ಮುಗಿದ ಮೇಲೂ ಆಕ್ಸಿಜನ್ ಸ್ವಲ್ಪ ಒಳಗೆ ಹೋಗಿರುತ್ತೆ.

ನೀನೂ ಹಂಗೇ ಮಾಡು. ಕೂಪನ್ ಬೇಡ, ಒಂದು ಪೀಸ್ ಬಲಿ ಕೊಡು, ಅತೀ ದಪ್ಪ ಇರೋ ಜಾಗ ಮತ್ತೆ ಅತೀ ತೆಳ್ಳಗಿರೋ ಜಾಗ ಎರಡೂ ಕಟ್ ಮಾಡು. ಕಟ್ ಮಾಡಿದ ಚೂರನ್ನ ರೆಸಿನ್ನಲ್ಲಿ ಕೂರಿಸಿ ಮೌಂಟ್ ಮಾಡುವಾಗ ಅಂಚು ಉರುಟಾಗದ ಹಾಗೆ ನೋಡ್ಕೋ, ಅಂಚು ಉರುಟಾದ್ರೆ ನೋಡಬೇಕಾದ ಜಾಗಾನೇ ಫೋಕಸ್ ತಪ್ಪಿಹೋಗುತ್ತೆ.

ಆಮೇಲೆ ಶೆಲ್ ರೂಮಿಗೆ ಹೋಗು, ಜಗಳಕ್ಕಲ್ಲ, ಕಲಿಯೋಕೆ. ಸ್ಲರಿ, ಅಂದ್ರೆ ಶೆಲ್ ಮಾಡೋ ಗಂಜಿಯಂಥ ಮಿಶ್ರಣ, ಕಲಸೋರನ್ನ ಅಣ್ಣಾ ಅಂತ ಕರೆದು ಒಂದು ವಾರ ಪಕ್ಕದಲ್ಲಿ ನಿಂತ್ಕೋ. ಫೇಸ್ ಕೋಟ್, ಅಂದ್ರೆ ಮೇಣದ ಮಾದರಿ ಮೇಲೆ ಹಾಕೋ ಮೊದಲನೇ ಪದರ, ಅದೊಂದೇ ಮೆಟಲ್ಲಿಗೆ ತಾಗೋದು, ಹಿಂದಿನ ಪದರಗಳೆಲ್ಲಾ ಬರೀ ಬಲಕ್ಕೆ. ಅದಕ್ಕೆ ಯಿಟ್ರಿಯಾ (ಯಿಟ್ರಿಯಂ ಆಕ್ಸೈಡ್) ಹಾಕೋದು ಯಾಕಂದ್ರೆ ಟೈಟಾನಿಯಂ ಹತ್ರ ಅದರಷ್ಟು ತಡ್ಕೊಳೋವು ಒಂದೆರಡೇ. ಕ್ಯಾಲ್ಸಿಯಾನೂ ತಡೆಯುತ್ತೆ, ಆದ್ರೆ ಕ್ಯಾಲ್ಸಿಯಾ ಅಂದ್ರೆ ಇನ್ನೇನು, ಸುಟ್ಟ ಸುಣ್ಣ, ಅಜ್ಜಿ ಹಿತ್ತಲಲ್ಲಿ ಸುಣ್ಣದ ಕಲ್ಲಿಗೆ ನೀರು ಹಾಕಿದ್ರೆ ಭುಸ್ ಅಂತ ಕುದ್ದು ಅರಳೋದು ನೀನು ನೋಡಿದೀಯ, ಗಾಳೀಲಿರೋ ತೇವಕ್ಕೇ ನಿಧಾನಕ್ಕೆ ಪುಡಿಯಾಗೋದನ್ನ ಶೆಲ್ ಮಾಡಿ ದಿನಗಟ್ಟಲೆ ಒಣಗಿಸೋದು ಹೆಂಗೆ. ಯಿಟ್ರಿಯಾ ದುಬಾರಿ, ಅದಕ್ಕೆ ಜನ ಕೈ ಬಿಗಿ ಹಿಡೀತಾರೆ. ಮತ್ತೆ ಅದನ್ನ ಸಿಲಿಕಾ ಬೈಂಡರಲ್ಲೇ, ಅಂದ್ರೆ ಪುಡಿಯನ್ನ ಅಂಟಿಸಿ ಹಿಡಿಯೋ ದ್ರವದಲ್ಲೇ, ಕಲಸಿದ್ರೆ ಒಳ್ಳೇ ಪುಡಿ ಹಾಕಿದ್ರೂ ಮೆಟಲ್ಲಿಗೆ ಸಿಲಿಕಾ ಸಿಕ್ಕೇ ಸಿಗುತ್ತೆ. ಸ್ಲರಿನೂ ಬೇಗ ಕಟ್ಟಿಕೊಳತ್ತೆ, ರಾತ್ರಿ ಬಿಟ್ಟ ರಾಗಿ ಅಂಬಲಿ ಬೆಳಿಗ್ಗೆ ಗಟ್ಟಿಯಾಗೋ ಹಾಗೆ. ಅವಾಗ ಯಾರೋ ಸ್ವಲ್ಪ ನೀರು ಹಾಕಿ ತಿರುವ್ತಾರೆ, ಸ್ಲರಿ ಹರಿದು ಖಾಲಿಯಾಗೋ ಹೊತ್ತು ಅಳೆಯೋ ಝಾನ್ ಕಪ್ಪಲ್ಲಿ ಸೆಕೆಂಡ್ ಸರಿ ಬರುತ್ತೆ, ಎಲ್ಲಾ ಸರಿ ಅಂದ್ಕೋತಾರೆ, ಫೇಸ್ ಕೋಟ್ ಮಾತ್ರ ಒಣಗುವಾಗ ಕೂದಲೆಳೆಯಷ್ಟು ಸೀಳುತ್ತೆ, ಮೆಟಲ್ ಆ ಸೀಳಲ್ಲಿ ನುಗ್ಗಿ ಹಿಂದಿನ ಪದರದ ಸಿಲಿಕಾ ಮುಟ್ಟುತ್ತೆ. ಹಂಗಾಗಿ ಬೈಂಡರ್ ಯಾವುದು, ಸ್ಲರಿ ಎಷ್ಟು ದಿನದ್ದು, ನೀರು ಯಾವಾಗ ಹಾಕಿದ್ರು, ಇದೆಲ್ಲಾ ಬರ್ಕೊ. ಅಚ್ಚಿನ ಪ್ರೀಹೀಟ್ ಎಷ್ಟು ಅಂತಾನೂ ಬರ್ಕೊ, ಮೆಟಲ್ ಪೂರ್ತಿ ತುಂಬಲಿ ಅಂತ ಹೀಟ್ ಏರಿಸಿದಷ್ಟೂ ಪದರ ದಪ್ಪ ಆಗುತ್ತೆ, ಇದು ನಾನು ಎಷ್ಟೋ ಸಲ ಕಣ್ಣಾರೆ ನೋಡಿದ್ದು. ಯಿಟ್ರಿಯಾ ಹಾಕಿದ್ರೆ ಆಲ್ಫಾ ಕೇಸೇ ಇರಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ, ಕಮ್ಮಿ ಇರುತ್ತೆ ಅಷ್ಟೇ.

ಎಚ್‌ಐಪಿ, ಅಂದ್ರೆ ಪೀಸನ್ನ ಬಿಸಿ ಮಾಡಿ ಸುತ್ತಲಿಂದ ಗ್ಯಾಸ್ ಪ್ರೆಶರ್ ಹಾಕೋದು, ಮಾಡಿದ್ರೆ ಬಿರುಕು ಮುಚ್ಚುತ್ತೆ ಅಂತ ಯಾರೋ ಹೇಳಿದ್ರು ಅಂದ್ಯಲ್ಲ, ಆಗಲ್ಲ. ಒಳಗಿನ ಪೊಳ್ಳು ಮುಚ್ಚುತ್ತೆ. ಮೇಲಕ್ಕೆ ಬಾಯಿ ತೆರೆದಿರೋ ಬಿರುಕಿಗೆ ಗ್ಯಾಸೇ ನುಗ್ಗುತ್ತೆ, ಒಳಗೂ ಹೊರಗೂ ಅದೇ ಪ್ರೆಶರ್ ಆದ್ಮೇಲೆ ಮುಚ್ಚೋದು ಹೆಂಗೆ.

ಪದರ ತೆಗೆಯೋದು ಕೊನೆಗೆ ಆಸಿಡ್ಡಿಂದ್ಲೇ, ಇಲ್ಲಿ ನನ್ನ ಮಾತು ಮೀರಬೇಡ ಮರಿ. ಆ ಟ್ಯಾಂಕಲ್ಲಿರೋದು ನೈಟ್ರಿಕ್ ಜೊತೆ ಹೈಡ್ರೋಫ್ಲೋರಿಕ್, ಅಂದ್ರೆ ಎಚ್‌ಎಫ್. ನೈಟ್ರಿಕ್ ಕಮ್ಮಿಯಾದ್ರೆ ಪೀಸ್ ಹೈಡ್ರೋಜನ್ ಕುಡಿಯುತ್ತೆ, ಅದು ಪೀಸಿನ ಕಥೆ, ಮನುಷ್ಯರದ್ದು ಬೇರೆ. ತೆಳು ಎಚ್‌ಎಫ್ ಕೈಗೆ ಬಿದ್ರೆ ತಕ್ಷಣ ಉರಿಯೋದೇ ಇಲ್ಲ, ನೀರು ಅಂದ್ಕೊಂಡು ಒರೆಸ್ಕೊಂಡು ಕೆಲಸ ಮಾಡ್ತಿರ್ತೀವಿ, ಗಂಟೆಗಳಾದ ಮೇಲೆ ಮೂಳೆವರೆಗೂ ನೋವು ಶುರುವಾಗುತ್ತೆ, ಮೈಯಲ್ಲಿರೋ ಕ್ಯಾಲ್ಸಿಯಮ್ಮನ್ನೇ ಹಿಡ್ಕೊಳತ್ತೆ, ಜೀವಕ್ಕೇ ಅಪಾಯ. ಟ್ಯಾಂಕ್ ಹತ್ರ ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಇದ್ಯಾ, ಅದರ ಡೇಟ್ ಮುಗಿದಿದ್ಯಾ, ನಾಳೆ ಬೆಳಿಗ್ಗೆ ಹೋದ ತಕ್ಷಣ ಅದೇ ನೋಡು, ಮಿಕ್ಕಿದ್ದೆಲ್ಲಾ ಆಮೇಲೆ. ಇಲ್ಲ ಅಂದ್ರೆ ತರಿಸೋವರೆಗೂ ಆ ಶೆಡ್ಡಿಗೆ ಕಾಲಿಡಬೇಡ, ಬೈದ್ರೆ ಬೈಸ್ಕೋ.

ಸೈನ್ ವಿಷಯ ನಿಮ್ಮ ಸಾಹೇಬ್ರಿಗೆ ಮರ್ಯಾದೆಯಾಗೇ ಹೇಳು, "ಸರ್, ದಪ್ಪ ಜಾಗದ ರೀಡಿಂಗ್ ಬರಲಿ, ಎರಡು ದಿನ ಕೊಡಿ" ಅಂತ. ಹೊಸಬ ಅಂತ ಹೆದರಬೇಡ, ಮೌಂಟ್ ಮುಂದಿಟ್ಟು ಮೈಕ್ರೋಸ್ಕೋಪಲ್ಲಿ ತೋರಿಸಿದ್ರೆ ಎಂಥಾ ದೊಡ್ಡ ಮನುಷ್ಯರೂ ಬಗ್ಗಿ ನೋಡ್ತಾರೆ.

ದಪ್ಪದ ಕಡೆಯ ರೀಡಿಂಗ್ ಬಂದ ತಕ್ಷಣ ನಂಗೆ ವಾಟ್ಸಾಪ್ ಮಾಡು, ಅಂಚಿಂದ ಎಷ್ಟು ದೂರ, ಗುರುತು ಎಷ್ಟು ಮೈಕ್ರಾನ್, ಎರಡೂ ಬರೀ. ನಾನು ಆ ಬಾಸಿನ ಮೌಂಟನ್ನ ಇನ್ನೂ ಬೀರೂಲಿ ಇಟ್ಟಿದೀನಿ, ಮುಂದಿನ ವಾರ ನೀನು ಬಂದಾಗ ಕೊಡ್ತೀನಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು.

ಇಂತಿ
ನಿನ್ನ ಅತ್ತೆ